ಒಂಥರಾ ಅನ್ನುವುದಕ್ಕೆ ಇಂಗ್ಲಿಷ್ ಮಾತು

ಮೈದಾನ್ ಹವಲ್ಲಿ, ಕುವೈತ್
ಭಾನುವಾರ, ೧೮ ಮೇ ೨೦೨೫

ಪ್ರೀತಿಯ ಅಕ್ಕನಿಗೆ,

ನಾನು ಬೃಂದಾ. ಇಲ್ಲಿ ಎಲ್ಲ ಕ್ಷೇಮ ಅಂತ ಶುರು ಮಾಡಿದರೆ ನೀನು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಆ ಕಾಗದಕ್ಕೇ 'ಸುಳ್ಳು' ಅಂತ ಹೇಳುತ್ತೀಯ. ಅದಕ್ಕೇ ಆ ಸಾಲು ಬಿಟ್ಟಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಮುಖ ಕಾಣದ ದನಿ ನಿನಗಾಗುವುದಿಲ್ಲ, ಕಿವಿಗೆ ಇಟ್ಟುಕೊಂಡ ಕೂಡಲೇ ಚಿಕ್ಕಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಓದುವುದನ್ನು ಮಾತ್ರ ನೀನು ಬಿಟ್ಟಿಲ್ಲವಂತೆ. ದಿನಾ ಬೆಳಿಗ್ಗೆ ಪೇಪರನ್ನು ಜೋರಾಗಿ ಓದುತ್ತೀಯ, ಜಾಹೀರಾತನ್ನೂ ಬಿಡದೆ, ಅಂತ ಚಿಕ್ಕಮ್ಮ ಹೇಳಿದರು. ಇದನ್ನು ಮಾತ್ರ ಜೋರಾಗಿ ಓದಬೇಡ. ಹಿತ್ತಲಿಗೆ ಹೋಗಿ ಒಬ್ಬಳೇ ಕೂತು ಓದು.

ಇವತ್ತು ಇಲ್ಲಿ ಧೂಳು. ಬೆಳಿಗ್ಗೆಯಿಂದ ಆಕಾಶ ಅರಿಶಿನ ಕಲಸಿದ ಹಾಲಿನ ಹಾಗಿದೆ. ನಮ್ಮದು ಆರನೇ ಮಹಡಿ. ಕಿಟಕಿಯ ಎದುರಿಗಿದ್ದ ಕಟ್ಟಡ ಮೊದಲು ಮಸುಕಾಯಿತು, ಆಮೇಲೆ ಇಲ್ಲವೇ ಆಯಿತು. ಅದರ ಬಾಲ್ಕನಿಯಲ್ಲಿ ಒಣಹಾಕಿದ್ದ ಒಂದು ಕೆಂಪು ಚಾದರ ಮಾತ್ರ ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಾಣುತ್ತಿದೆ. ಅಪ್ಪನ ರಾಗಿ ಮಿಷಿನ್ನಿನ ಒಳಗೆ ಹೆಂಚಿನ ಸಂದಿಯಿಂದ ಬಿಸಿಲು ಬಿದ್ದಾಗ ಹಿಟ್ಟು ಹೀಗೇ ತೇಲುತ್ತಿತ್ತು, ಅಲ್ಲವಾ? ಅದರ ನಡುವೆ ನೀನು ನಿಂತಿರುತ್ತಿದ್ದೆ, ರೆಪ್ಪೆಯೆಲ್ಲ ಬಿಳಿ. ಎಷ್ಟೋ ಹೊತ್ತಿನಿಂದ ಈ ಕಿಟಕಿಯಲ್ಲಿ ನಿನ್ನನ್ನೇ ನೋಡುತ್ತಾ ಕೂತ ಹಾಗಿದೆ ನನಗೆ. ಸುನಿಧಿ ಸ್ಕೂಲಿಗೆ, ಇವರು ಅಹ್ಮದಿಯ ಆಫೀಸಿಗೆ ಹೋಗಿದ್ದಾರೆ. ಮನೆಯಲ್ಲಿ ಏಸಿಯ ಗುಂಯ್‌ ಬಿಟ್ಟರೆ ಬೇರೆ ಸದ್ದಿಲ್ಲ.

ಮೊನ್ನೆ ಶುಕ್ರವಾರ ನಡೆದದ್ದನ್ನು ಹೇಳುತ್ತೇನೆ. ಅದು ನಡೆಯದಿದ್ದರೆ ಈ ಕಾಗದ ಇರುತ್ತಿರಲಿಲ್ಲ.

ಇಲ್ಲಿ ಶುಕ್ರವಾರ ಎಲ್ಲರಿಗೂ ರಜೆ. ಮೂರು ವರ್ಷದಿಂದ ಆ ದಿನ ನಮ್ಮ ಹಾಲ್‌ನಲ್ಲಿ ಐದಾರು ಹೆಂಗಸರಿಗೆ ಇಂಗ್ಲಿಷ್ ಮಾತಾಡುವುದನ್ನು ಹೇಳಿಕೊಡುತ್ತಿದ್ದೇನೆ. ಹೆಚ್ಚಿನವರು ಮಂಗಳೂರು, ಉಡುಪಿ ಕಡೆಯವರು. ಇನೆಜ್ ಬಾಯಿ ಅಂತ ಒಬ್ಬರಿದ್ದಾರೆ, ಐವತ್ತೈದು ದಾಟಿದವರು, ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಮೆಲಿಶಾ ಅಂತ ಇನ್ನೊಬ್ಬಳು, ಸಣ್ಣ ಹುಡುಗಿ, ಬ್ಯೂಟಿ ಪಾರ್ಲರಿನಲ್ಲಿ ಬಾಗಿಲ ಹತ್ತಿರದ ಮೇಜಿನಲ್ಲಿ ಕೂರುತ್ತಾಳೆ. ಅವಳಿಗೆ ಹೊಸ ಕೆಲಸದ ಇಂಟರ್‌ವ್ಯೂ ಇತ್ತು. ಅಲ್ಲಿ 'ಬೇರೆಯವರಿಗಿಂತ ನೀನು ಹೇಗೆ ಭಿನ್ನ' ಅಂತ ಕೇಳುತ್ತಾರಂತೆ, ಏನು ಹೇಳಲಿ ಟೀಚರ್ ಅಂದಳು. ಸರಿ, ಇವತ್ತಿನ ಪಾಠ ಅದೇ ಅಂದೆ. ಒಬ್ಬರು ಎಲ್ಲರಂತಲ್ಲ ಅಂತ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಮಾತಿದೆ ನೋಡೋಣ ಅಂತ ಬೋರ್ಡಿನ ನಡುವೆ ಒಂದು ಗೆರೆ ಎಳೆದೆ. ಒಂದು ಕಡೆ ಹೊಗಳಿಕೆ, ಇನ್ನೊಂದು ಕಡೆ ತೆಗಳಿಕೆ.

ಹೊಗಳಿಕೆಯ ಕಡೆ ಬರೆದದ್ದು ಒನ್ ಇನ್ ಎ ಮಿಲಿಯನ್, ಅಂದರೆ ಹತ್ತು ಲಕ್ಷಕ್ಕೊಬ್ಬಳು. ನಾವು ಸಾವಿರಕ್ಕೊಬ್ಬಳು ಅನ್ನುತ್ತೇವಲ್ಲ, ಅವರದ್ದು ಸ್ವಲ್ಪ ದೊಡ್ಡ ಸಂತೆ. ಎ ಕಟ್ ಅಬವ್, ಅಂದರೆ ಉಳಿದವರಿಗಿಂತ ಒಂದು ಕೈ ಮೇಲು. ತೆಗಳಿಕೆಯ ಕಡೆ ಆಡ್ ಒನ್ ಔಟ್, ಗುಂಪಿಗೆ ಸೇರದೆ ಹೊರಗುಳಿದದ್ದು. ಆಮೇಲೆ ಬ್ಲ್ಯಾಕ್ ಶೀಪ್, ಮನೆಗೆ ಕೆಟ್ಟ ಹೆಸರು ತರುವವರು. ಹಾಗಂದರೆ ಕರಿ ಕುರಿ ಅಕ್ಕಾ. ಬಿಳಿ ಕುರಿಗಳ ನಡುವೆ ಅದೊಂದು ಹುಟ್ಟಿದರೆ ಅವರಿಗೆ ಅಪಶಕುನ. ಬರೆಯುತ್ತಾ ನಕ್ಕುಬಿಟ್ಟೆ. ನಮ್ಮ ಚಿಂತಾಮಣಿ ಸಂತೆಯಲ್ಲಿ ಕಂಬಳಿಗೆ ಕರಿ ಕುರಿಯ ಉಣ್ಣೆಯೇ ಬೇಕು ಅಂತ ಜನ ಹುಡುಕಿಕೊಂಡು ಬರುತ್ತಿದ್ದರಲ್ಲ.

ಕೊನೆಗೆ ಹೊಗಳಿಕೆಯ ಕಡೆ ಒನ್ ಆಫ್ ಎ ಕೈಂಡ್ ಅಂತ ಬರೆದೆ. ಅವಳ ಹಾಗೆ ಇನ್ನೊಬ್ಬಳಿಲ್ಲ, ಅಂಥವಳು ಅವಳೊಬ್ಬಳೇ, ಅಂತ ಅರ್ಥ ಹೇಳಿದೆ. ಇನೆಜ್ ಬಾಯಿ ಕನ್ನಡಕ ಮೇಲೆ ಮಾಡಿಕೊಂಡು, "ಒನ್ ಅಂದ್ರೆ ಒಂದು, ಕೈಂಡ್ ಅಂದ್ರೆ ನಮೂನೆ. ಹಾಗಾದ್ರೆ ಒಂದು ನಮೂನೆ! ಟೀಚರ್, ನಮ್ಮಲ್ಲಿ 'ಅದು ಒಂದು ನಮೂನೆ ಜನ' ಅಂತ ಹೇಳಿದ್ರೆ ಬೈದ ಹಾಗಲ್ವಾ?" ಅಂದರು.

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ನಮ್ಮ ಕಡೆ ಅದನ್ನೇ ಒಂಥರಾ ಅನ್ನುತ್ತೇವೆ ಅಂದೆ. ಒಂದು ಥರ. ಅಕ್ಷರಕ್ಕೆ ಅಕ್ಷರ ಅದೇ ಮಾತು. ಅದೇ ಮಾತನ್ನು ಇಂಗ್ಲಿಷಿನವರು ಗೆರೆಯ ಈಚೆ ಇಟ್ಟಿದ್ದಾರೆ, ನಾವು ಆಚೆ ಇಟ್ಟಿದ್ದೇವೆ.

'ಮುನಿಸ್ವಾಮಿಯ ದೊಡ್ಡ ಮಗಳು ಒಂಥರಾ.' ಎಷ್ಟು ಸಲ ಕೇಳಿಲ್ಲ ಅಕ್ಕಾ ನಾವಿಬ್ಬರೂ ಅದನ್ನು? ಮಿಷಿನ್ನಿಗೆ ರಾಗಿ ತಂದವರು ಹೇಳುತ್ತಿದ್ದರು, ನೀರಿಗೆ ಬಂದವರು ಹೇಳುತ್ತಿದ್ದರು. ನೀನು ಅಲ್ಲೇ ನಿಂತಿದ್ದರೂ ಹೇಳುತ್ತಿದ್ದರು.

ಆಮೇಲೆ ನನ್ನ ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಒಂದೊಂದು ಮಾತು ಹಿಡಿದು, ತಮಗೆ ಗೊತ್ತಿರುವ ಒಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರದೂ ಮುಗಿದ ಮೇಲೆ ಮೆಲಿಶಾ, ಈಗ ಟೀಚರ್ ಹೇಳಬೇಕು ಅಂದಳು. ನಾನು ಯಾರನ್ನಾದರೂ ಹೇಳಿ ಮುಗಿಸಬಹುದಿತ್ತು. ಬಾಯಿ ತೆರೆದರೆ ನೀನು ಬಂದೆ. ನಮ್ಮ ಮನೆಯಲ್ಲಿ ಒಬ್ಬರಿದ್ದರು, ಅವರು ನಾಯಿಗೂ ಬಹುವಚನದಲ್ಲಿ ಮಾತಾಡುತ್ತಿದ್ದರು ಅಂದೆ. ಇಂಗ್ಲಿಷಿನಲ್ಲಿ ಅದನ್ನು ಹೇಳುವುದು ಹೇಗೆ? ಅಲ್ಲಿ ನೀನು, ನೀವು ಎರಡೂ ಒಂದೇ. ಹಾಗಾಗಿ ಕನ್ನಡಕ್ಕೇ ಇಳಿದೆ. ಬೀದಿ ನಾಯಿಗೆ ನೀನು 'ಊಟ ಆಯ್ತಾ, ಬನ್ನಿ' ಅನ್ನುತ್ತಿದ್ದದ್ದು, ಅಗಸರ ಕತ್ತೆಗೆ 'ಸ್ವಲ್ಪ ದಾರಿ ಬಿಡ್ತೀರಾ' ಅಂತ ಕೇಳಿ ಅದು ಸರಿಯುವವರೆಗೆ ಕಾಯುತ್ತಿದ್ದದ್ದು, ಮೋಡದ ಹಿಂದಿನಿಂದ ಚಂದ್ರ ಬಂದರೆ 'ಇವತ್ತು ತಡವಾಯ್ತಲ್ಲ ನಿಮಗೆ' ಅನ್ನುತ್ತಿದ್ದದ್ದು, ಎಲ್ಲ ಹೇಳಿದೆ. ಮೆಲಿಶಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಎಷ್ಟು ಚೆಂದ ಟೀಚರ್, ಇನ್ನೂ ಹೇಳಿ ಅಂದರು ಎಲ್ಲರೂ. ಹೇಳುತ್ತಾ ಹೋದೆ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ನಮ್ಮ ಹಾಲ್‌ನಲ್ಲಿ ನೀನು ಗೋಡೆಗೊರಗಿ ಕೂತು ಕೇಳುತ್ತಿದ್ದೀಯ ಅಂತಲೇ ಅನ್ನಿಸಿತ್ತು.

ಆಗ ಇನೆಜ್ ಬಾಯಿ ಕೇಳಿದರು, "ಅವರು ನಿಮಗೆ ಏನಾಗಬೇಕು ಟೀಚರ್?"

ದೂರದ ಸಂಬಂಧ ಅಂದೆ.

ನೋಡು, ಯಾರೂ ಹೆದರಿಸಿರಲಿಲ್ಲ. ಅತ್ತೆ ಹೋಗಿ ಆರು ವರ್ಷವಾಯಿತು. ಕೂತಿದ್ದವರು ಯಾರೂ ನಮ್ಮೂರನ್ನು ನೋಡಿದವರಲ್ಲ. ಆದರೂ ಕಲಿತ ಪಾಠದ ಹಾಗೆ ಅದೇ ಎರಡು ಮಾತು ಬಾಯಿಂದ ಬಿತ್ತು. ಇನೆಜ್ ಬಾಯಿ ನನ್ನ ಮುಖ ನೋಡಿ, "ಅಷ್ಟು ದೂರದವರನ್ನು ಇಷ್ಟು ಹತ್ತಿರದಿಂದ ನೋಡಿದ್ದೀರಲ್ಲ" ಅಂದರು. ಚುಚ್ಚಿ ಹೇಳಿದ್ದಲ್ಲ, ಮೆಲ್ಲಗೇ ಹೇಳಿದರು. ನಾನು ಒಳಗೆ ಹೋಗಿ ಟೀ ಇಟ್ಟೆ. ಹಾಲು ಉಕ್ಕಿ ಒಲೆಯೆಲ್ಲ ಆದ ಮೇಲೆ ಎಚ್ಚರವಾಯಿತು.

ಈಗ ಮುಂದಿನದನ್ನು ಬರೆಯುತ್ತೇನೆ. ನಿನಗೆ ಗೊತ್ತಿಲ್ಲದ್ದೇನೂ ಇದರಲ್ಲಿಲ್ಲ. ಆದರೆ ನನ್ನ ಕೈ ಅದನ್ನು ಬರೆಯಬೇಕು, ನೀನು ನನ್ನ ಅಕ್ಷರದಲ್ಲಿ ಅದನ್ನು ನೋಡಬೇಕು.

ಮೊದಲು ಹೊಸಕೋಟೆಯವರು ನನ್ನನ್ನು ನೋಡಲು ಬಂದಿದ್ದರಲ್ಲ. ಉಪ್ಪಿಟ್ಟಿನ ತಟ್ಟೆ ಇಡುತ್ತಾ ನೀನು ಹುಡುಗನ ತಾಯಿಗೆ, "ನಿಮ್ಮ ಮಗನಿಗೆ ಇಷ್ಟವಿಲ್ಲ, ನೀವೇ ಎಳ್ಕೊಂಡು ಬಂದಿದ್ದೀರಿ" ಅಂದುಬಿಟ್ಟೆ. ಅವರು ತಟ್ಟೆ ಮುಟ್ಟದೆ ಎದ್ದು ಹೋದರು. ನೀನು ಹೇಳಿದ್ದು ನಿಜವೇ ಆಗಿತ್ತು, ಆ ಹುಡುಗ ಆರು ತಿಂಗಳಲ್ಲಿ ತಾನು ಇಷ್ಟಪಟ್ಟವಳನ್ನು ರಿಜಿಸ್ಟರ್ ಮದುವೆಯಾದ. ಅದು ತಿಳಿದ ಮೇಲಾದರೂ ನಾನು ನಿನ್ನ ಕೈ ಹಿಡಿದುಕೊಳ್ಳಬೇಕಿತ್ತು. ಅವರು ಎದ್ದು ಹೋದ ದಿನವೇ, ಇನ್ನು ಈ ಮನೆಗೆ ಯಾರೂ ಬರುವುದಿಲ್ಲ ಅಂತ ಮೂರು ದಿನ ಅತ್ತು, ನಿನ್ನ ಜೊತೆ ಮಾತು ಬಿಟ್ಟೆ.

ಆಮೇಲೆ ಇವರ ಕಡೆಯವರು ಬಂದರು. ನೀನು ಕಾಫಿ ತಂದೆ. ಅತ್ತೆ ನಿನ್ನನ್ನು ಮೇಲಿಂದ ಕೆಳಗೆ ನೋಡಿ, "ಇವಳು ಯಾರು?" ಅಂದರು. ಅಪ್ಪ ಬಾಯಿ ತೆರೆದಿದ್ದರು. ಅವರು ನಿಜ ಹೇಳುವವರಿದ್ದರು, ಅದು ನನಗೆ ಗೊತ್ತಿತ್ತು. ಅವರಿಗಿಂತ ಮೊದಲು ನಾನೇ, "ದೂರದ ಸಂಬಂಧ, ಮನೆ ಕೆಲಸಕ್ಕೆ ಅಂತ ಇದ್ದಾಳೆ" ಅಂದೆ.

ಎಲ್ಲರೂ ಅದನ್ನು ಅಪ್ಪನೇ ಹೇಳಿಸಿದ್ದು ಅಂದುಕೊಂಡಿದ್ದಾರೆ. ಚಿಕ್ಕಮ್ಮ ಕೂಡ. ಅಲ್ಲ. ನನ್ನದೇ ಮಾತು. ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲ, ಅಷ್ಟೇ.

ನೀನು ಲೋಟಗಳನ್ನು ಒಂದೊಂದಾಗಿ ಇಟ್ಟೆ. ಒಳಗೆ ಹೋದೆ. ಮದುವೆಯಲ್ಲಿ ಬಡಿಸಿದೆ, ಎಲೆ ತೆಗೆದೆ. ದೀಪಾವಳಿಗೆ ನಾನು ಗಂಡನ ಜೊತೆ ಮನೆಗೆ ಬಂದಾಗ ನೀನು ಬಾಗಿಲಲ್ಲಿ ನಿಂತು, "ಬನ್ನಿ, ಕೂತ್ಕೊಳ್ಳಿ" ಅಂದೆ. ಅವರಿಗೆ ಹೇಳಿದ್ದು ಅಂದುಕೊಂಡೆ ನಾನು. ಆಮೇಲೆ ನನ್ನೊಬ್ಬಳಿಗೇ, "ನೀರು ಕಾದಿದೆ, ಸ್ನಾನ ಮಾಡ್ತೀರಾ?" ಅಂತ ಕೇಳಿದೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಿನ್ನನ್ನು ಕೇಳಿದ್ದೆ, ನಾಯಿ, ಕತ್ತೆ, ಕಲ್ಲು ಎಲ್ಲಕ್ಕೂ ನೀವು ಅಂತೀಯಲ್ಲ, ಯಾಕೆ ಅಂತ. "ಅವರು ಯಾರೋ ನಮಗೆ ಗೊತ್ತಿಲ್ಲವಲ್ಲ" ಅಂದಿದ್ದೆ. ಮತ್ತೆ ನನ್ನನ್ನು ಮಾತ್ರ ನೀನು ಅಂತೀಯ? "ನೀನು ಗೊತ್ತು" ಅಂದಿದ್ದೆ. ಇಡೀ ಲೋಕದಲ್ಲಿ ನಿನ್ನ ಏಕವಚನ ಇದ್ದದ್ದು ನನ್ನೊಬ್ಬಳಿಗೆ. ಆ ದೀಪಾವಳಿಯಿಂದ ನಾನೂ ನಿನಗೆ ಗೊತ್ತಿಲ್ಲದವರ ಸಾಲಿಗೆ ಸೇರಿದೆ. ಇಪ್ಪತ್ತೊಂದು ವರ್ಷ. ಸಿಟ್ಟಿನಿಂದ ಹಾಗೆ ಕರೆಯುತ್ತೀಯ ಅಂತ ನಾನೆಂದೂ ಅಂದುಕೊಂಡಿಲ್ಲ. ನಿನಗೆ ನಿಜಕ್ಕೂ ಗೊತ್ತಾಗದೆ ಹೋಗಿತ್ತು, ಇವಳು ಯಾರು ಅಂತ.

ಅಪ್ಪನ ತಿಥಿಗಳಿಗೆ ಬಂದಾಗಲೆಲ್ಲ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಮೊದಮೊದಲು ಅತ್ತೆಗೆ ಹೆದರಿದೆ. ಆಮೇಲೆ ಇವರಿಗೆ. ಇವರು ಗಟ್ಟಿಯಾಗಿ ಮಾತಾಡಿದವರೇ ಅಲ್ಲ, ಆದರೂ ಇಷ್ಟು ವರ್ಷ ಸುಳ್ಳು ಹೇಳಿದವಳು ಅಂತ ಒಂದು ಸಲ ಗೊತ್ತಾದರೆ ನನ್ನ ಬೇರೆ ಮಾತುಗಳನ್ನೂ ತಿರುವಿ ನೋಡುತ್ತಾರಲ್ಲ. ಸುನಿಧಿ ನಿನ್ನನ್ನು 'ಕಾಂತಮ್ಮ ಆಂಟಿ' ಅನ್ನುತ್ತಾಳೆ. ದೊಡ್ಡಮ್ಮ ಅನ್ನಬೇಕಾದ ಬಾಯಿ.

ಹತ್ತು ದಿನದ ಕೆಳಗೆ ಚಿಕ್ಕಮ್ಮ ಫೋನು ಮಾಡಿದ್ದರು. ಮಂಡಿ ನೋವು ಹೆಚ್ಚಾಗಿದೆ, ಜೂನ್ ಕೊನೆಗೆ ಮಗನ ಜೊತೆ ಹೊಸೂರಿಗೆ ಹೋಗುತ್ತೇನೆ, ಅಲ್ಲಿ ಎರಡೇ ರೂಮು, ಕಾಂತಮ್ಮನನ್ನು ಏನು ಮಾಡುವುದು ಅಂದರು. ಕೋಲಾರದ ಹತ್ತಿರ ಒಂದು ಆಶ್ರಮ ಇದೆಯಂತೆ, ವಿಚಾರಿಸಿದ್ದಾರಂತೆ. ನಿನ್ನನ್ನು ಕೇಳಿದರೆ 'ಆಗಲಿ' ಅಂದೆಯಂತೆ. ನೋಡೋಣ ಅಂತ ಹೇಳಿ ಫೋನಿಟ್ಟೆ. ಹತ್ತು ದಿನ ಸುಮ್ಮನೆ ಇದ್ದೆ. ಅದನ್ನೂ ಬರೆದುಬಿಡುತ್ತೇನೆ.

ಶುಕ್ರವಾರ ಎಲ್ಲರೂ ಹೋದ ಮೇಲೆ ನಾನು ಬೋರ್ಡು ಒರೆಸಲಿಲ್ಲ. ಅವತ್ತು ಸಂಜೆ ಸೋಫಾದಲ್ಲೇ ನಿದ್ದೆ ಬಂದಿತ್ತು. ಕನಸಿನಲ್ಲಿ ನಾವಿಬ್ಬರೂ ಇಲ್ಲಿನ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದೆವು. ನಿನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ನೀರು ತೆಳ್ಳಗೆ ಮೊಸರಿನ ಕೆನೆಯ ಹಾಗೆ ಬಂದು ಹೋಗುತ್ತಿತ್ತು. ನೀನು ಪ್ರತಿ ಅಲೆಗೂ ಏನೋ ಹೇಳುತ್ತಿದ್ದೆ, ಅದು ತಲೆಯಾಡಿಸಿ ಹಿಂದೆ ಹೋಗುತ್ತಿತ್ತು. ಏನು ಹೇಳುತ್ತಿದ್ದೀಯ ಅಂತ ಕೇಳಲು ನಾನು ಹತ್ತಿರ ಬಂದರೆ ಅಷ್ಟಕ್ಕೆ ಎಚ್ಚರ. ಬೋರ್ಡಿನ ಮೇಲಿನ ಮಾತುಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಎದ್ದು ಹೋಗಿ ನಡುವಿನ ಗೆರೆಯೊಂದನ್ನು ಬೆರಳಿನಿಂದ ಒರೆಸಿದೆ. ಏನೋ ದೊಡ್ಡ ಕೆಲಸ ಮಾಡಿದವಳ ಹಾಗೆ ನಿಂತುಕೊಂಡೆ ಹುಚ್ಚಿ.

ಅಕ್ಕಾ, ನೀನು ಇಲ್ಲಿಗೆ ಬಾ. ಆಶ್ರಮ ಬೇಡ. ಎರಡು ಮೂರು ತಿಂಗಳು ಇಲ್ಲಿರು. ಸುನಿಧಿ ಹನ್ನೆರಡನೇ ಕ್ಲಾಸು ಮುಗಿಸುತ್ತಿದ್ದಾಳೆ, ಅವಳನ್ನು ಕಾಲೇಜಿಗೆ ಸೇರಿಸಲು ಬೆಂಗಳೂರಿನಲ್ಲಿ ಮನೆ ಮಾಡುತ್ತೇವೆ, ನಾನೂ ಅಲ್ಲೇ ಇರುತ್ತೇನೆ. ಆ ಮನೆ ನಿನ್ನದು. ಇಲ್ಲಿಗೆ ಬರುವ ವೀಸಾ ಅರ್ಜಿಯನ್ನು ಇವರ ಹೆಸರಿನಲ್ಲಿ ಹಾಕಬೇಕು. ಅದರಲ್ಲಿ ಸಂಬಂಧ ಅಂತ ಒಂದು ಖಾನೆ ಇದೆ. ದೂರದವರಿಗೆಲ್ಲ ಕೊಡುವುದಿಲ್ಲ, ಕೊಟ್ಟರೂ ನಾನು ಹಾಗೆ ಬರೆಸುವುದಿಲ್ಲ. ಇವತ್ತು ಸಂಜೆ ಇವರು ಆಫೀಸಿನಿಂದ ಬಂದ ಕೂಡಲೇ ಎಲ್ಲ ಹೇಳುತ್ತೇನೆ. ಏನಾಗುತ್ತದೋ ಗೊತ್ತಿಲ್ಲ. ಮೊದಲು ನಿನಗೆ ಬರೆದರೆ ಆಮೇಲೆ ಹಿಂದೆ ಸರಿಯಲು ಆಗುವುದಿಲ್ಲ ಅಂತ ಈಗಲೇ ಬರೆಯುತ್ತಿದ್ದೇನೆ. ಮೆಲಿಶಾ ಮಂಗಳವಾರ ಊರಿಗೆ ಹೋಗುತ್ತಾಳೆ, ಅಲ್ಲಿಂದ ಪೋಸ್ಟ್ ಮಾಡುತ್ತಾಳೆ.

ಕ್ಷಮಿಸು ಅಂತ ಬರೆಯಲು ಪೆನ್ನು ಏಳುತ್ತಿಲ್ಲ, ಅಷ್ಟು ಸಣ್ಣ ಮಾತು ಅದು. ಬರಲು ಇಷ್ಟವಿಲ್ಲ ಅಂದರೆ ನಿನ್ನ ಹಾಗೇ ನೇರವಾಗಿ ಹೇಳು, ಮುಂದಿನ ವಿಮಾನಕ್ಕೆ ನಾನೇ ಬರುತ್ತೇನೆ.

ನಿನ್ನ ಒಡಹುಟ್ಟಿದವಳು,
ಬೃಂದಾ

ಮರೆತ ಮಾತಲ್ಲ, ಆಮೇಲೆ ತಿಳಿದ ಮಾತು:

ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಧೂಳು ಇಳಿದಿದೆ.

ನಿನ್ನೆ ಸಂಜೆ ಇವರಿಗೆ ಹೇಳಿದೆ. ಶೂಸ್ ಕೂಡ ಬಿಚ್ಚಿರಲಿಲ್ಲ ಪಾಪ, ಹಾಗೇ ಕೂತು ಕೇಳಿದರು. ಮುಗಿದ ಮೇಲೆ ಶೂಸ್ ಬಿಚ್ಚುತ್ತಾ, "ಅತ್ತಿಗೆಗೆ ಕಾಗದ ಬರೆದೆಯಾ?" ಅಂದರು. ಅತ್ತಿಗೆ ಅಂದರು ಅಕ್ಕಾ, ಹೊಸದಾಗಿ ಅಲ್ಲ, ಬಾಯಿಗೆ ರೂಢಿಯಾದ ಮಾತಿನ ಹಾಗೆ. ನಾನು ದಿಗಿಲಾಗಿ ನೋಡಿದೆ.

ಮದುವೆಯ ಹಿಂದಿನ ದಿನ ಅಪ್ಪ ಛತ್ರದ ಹಿಂದೆ ಕರೆದುಕೊಂಡು ಹೋಗಿ ಇವರಿಗೆ ಎಲ್ಲ ಹೇಳಿದ್ದರಂತೆ. ಈಗಲೂ ಬೇಡ ಅನ್ನಿಸಿದರೆ ಹೇಳಿಬಿಡಿ, ಆದರೆ ನನ್ನ ದೊಡ್ಡ ಮಗಳನ್ನು ಇಲ್ಲ ಅಂದು ಚಿಕ್ಕವಳನ್ನು ಕೊಡಲಾರೆ ಅಂದರಂತೆ. ಇವರು ಆಗಲಿ ಅಂದಾಗ, ಇದನ್ನು ನೀವಾಗಿ ಕೇಳಬೇಡಿ, ಅವಳೇ ಹೇಳಲಿ, ಹೇಳುತ್ತಾಳೆ, ಅಂತ ಮಾತು ತೆಗೆದುಕೊಂಡರಂತೆ. ಅಪ್ಪ ಒಂಬತ್ತು ವರ್ಷ ಕಾದು ಹೋದರು. ಸಿಟ್ಟು ಬಂತು ನನಗೆ, ನಿಜ. ಇಷ್ಟು ವರ್ಷ ನನ್ನ ಮುಖ ನೋಡಿಕೊಂಡು ಸುಮ್ಮನಿದ್ದಿರಲ್ಲ ಅಂತ ಕೂಗಾಡಿದೆ. "ಮಾವನಿಗೆ ಮಾತು ಕೊಟ್ಟಿದ್ದೆ, ಆಮೇಲೆ ಅತ್ತಿಗೆಗೂ ಕೊಟ್ಟೆ" ಅಂದರು.

ಆಗಲೇ ಗೊತ್ತಾದದ್ದು, ಇವರು ಒಬ್ಬರೇ ರಜೆಗೆ ಬಂದಾಗಲೆಲ್ಲ ಚಿಂತಾಮಣಿಗೆ ಬಂದು ನಿನ್ನ ಕೈಯ ಊಟ ಮಾಡಿ ಹೋಗುತ್ತಿದ್ದರು ಅಂತ. ಮೂರು ವರ್ಷದ ಕೆಳಗೆ ನಿನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಪಾಸ್‌ಪೋರ್ಟ್ ಮಾಡಿಸಿದರು ಅಂತ. 'ಅವಳು ಕರೆದ ದಿನ ತಡವಾಗಬಾರದು' ಅಂತ ನೀನೇ ಕೇಳಿ ಮಾಡಿಸಿಕೊಂಡೆಯಂತೆ!

ಅಮ್ಮನ ಟ್ರಂಕಿನ ತಳದಲ್ಲಿದೆಯಂತಲ್ಲ ಅದು. ಚಿಕ್ಕಮ್ಮನ ಮಗನಿಗೆ ಹೇಳಿ ಮೊದಲ ಪುಟದ ಫೋಟೋ ತೆಗೆಸಿ ಕಳಿಸು. ಬರುವಾಗ ಒಂದು ಸ್ವೆಟರ್ ಇಟ್ಟುಕೋ, ಇಲ್ಲಿ ಹೊರಗೆ ಬೆಂಕಿ, ಮನೆಯೊಳಗೆ ಏಸಿ, ನಿನಗೆ ಚಳಿಯಾಗುತ್ತದೆ.